ಪೈಲ್ವಾನನ ಎದೆ

ಪೈಲ್ವಾನ ಆ ಬೆಳಿಗ್ಗೆ ಆರನೆಯ ಸಲ ಅಂಗಿ ಬಿಚ್ಚಿದ.

"ನಿಮ್ಮನ್ನ ಆಗಲೇ ನೋಡಿದ ಹಾಗಿದೆಯಲ್ಲ?" ಎಂದ ಎಕ್ಸ್‌ರೇ ತೆಗೆಯುವವನು.

"ಗಿರಣಿಯವರೆಲ್ಲ ಹೀಗೇ ಸಾರ್. ಮೈಮೇಲೆ ಹತ್ತಿ ಕೂತ್ರೆ ಹೆತ್ತ ತಾಯಿಗೂ ಗುರುತು ಸಿಗಲ್ಲ."

ಅವನು ನಗಲಿಲ್ಲ. ಹಿತ್ತಾಳೆಯ ಬಿಲ್ಲೆ ಇಸಿದುಕೊಂಡು ಅದರ ಮೇಲಿನ ಸಂಖ್ಯೆ ನೋಡಿದ. "ಉಸಿರು ಎಳ್ಕೊಂಡು ಹಿಡೀರಿ."

ಪೈಲ್ವಾನ ತಣ್ಣನೆಯ ಫಲಕಕ್ಕೆ ಎದೆ ಒತ್ತಿದ. ಉಸಿರು ಬಿಡುವಾಗ ಕೆಮ್ಮು ಬಂತು, ನುಂಗಿಕೊಂಡ. ಹತ್ತಿಯ ಧೂಳು ಯಾರನ್ನು ಬಿಟ್ಟಿದೆ? ಆದರೂ ಕೆಮ್ಮುವವರ ಬದಲಿಗೆ ಬಂದು ತಾನೇ ಕೆಮ್ಮಿದರೆ ಆದೀತೇ?

ನೂಲಿನ ಗಿರಣಿಯ ಅಂಗಳಕ್ಕೆ ವರ್ಷಕ್ಕೊಮ್ಮೆ ಈ ವ್ಯಾನು ಬರುತ್ತಿತ್ತು. ಎದೆಯಲ್ಲಿ ಕ್ಷಯದ ಕಲೆ ಕಂಡವರಿಗೆ ಮದ್ದು ಕೊಡಿಸುವುದಕ್ಕಲ್ಲ, ಗೇಟಿನಾಚೆ ದಬ್ಬುವುದಕ್ಕೆ. ಕೆಲಸದ ಜತೆಗೆ ಗಿರಣಿ ಕೊಟ್ಟ ಮನೆಯೂ ಹೋಗುತ್ತಿತ್ತು. ಇದೇ ಕಾಯಿಲೆ ಹಿಂದೊಮ್ಮೆ ಮ್ಯಾನೇಜರಿಗೂ ಬಂದಿತ್ತು. ಅವರಿಗೆ ದೊಡ್ಡ ಆಸ್ಪತ್ರೆ, ಸಂಬಳದ ರಜೆ, ಗುಣವಾಗಿ ಬಂದ ದಿನ ಕೊರಳಿಗೆ ಹಾರ. ಯಾರ ಎದೆಯಲ್ಲಿ ಕೂತರೆ ಮರ್ಯಾದೆ ಸಿಗುತ್ತದೆಂದು ಕ್ಷಯಕ್ಕಾದರೂ ಗೊತ್ತಿರಬೇಕಿತ್ತು, ಪಾಪ.

ಹಾಗಾಗಿ ಕೆಮ್ಮುವವರೆಲ್ಲ ತಮ್ಮ ಬಿಲ್ಲೆಯನ್ನು ಪೈಲ್ವಾನನ ಕೈಗೆ ಕೊಡುತ್ತಿದ್ದರು. ವ್ಯಾನಿನ ಹಿಂಬಾಗಿಲಿನಿಂದ ಹತ್ತುವುದು, ಮುಂಬಾಗಿಲಿನಿಂದ ಇಳಿಯುವುದು, ಹತ್ತಿ ಮೂಟೆಗಳ ಹಿಂದಿನಿಂದ ಸುತ್ತಿ ಬಂದು ಮತ್ತೆ ಸಾಲಿನಲ್ಲಿ ನಿಲ್ಲುವುದು. ಬಿಲ್ಲೆ ಯಾರದಾದರೇನು, ಚಿತ್ರ ಚೊಕ್ಕಟವಾಗಿ ಬರುತ್ತಿತ್ತು. ಅವನು ಪ್ರಾಯದಲ್ಲಿ ಕುಸ್ತಿ ಆಡಿದವನು. ಒಂದು ಸೋಲಿನಲ್ಲಿ ಬಲಗಡೆಯ ಪಕ್ಕೆಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದೊಂದು ಬಿಟ್ಟರೆ ಎದೆ ಬಂಡೆಯೇ. ಆ ಸೊಟ್ಟನ್ನು ಕಂಡಕಂಡವರಿಗೆ ಮುಟ್ಟಿಸಿ ತೋರಿಸುವುದು ಅವನಿಗೊಂದು ಚಟ.

ಎಲ್ಲ ಬಿಲ್ಲೆಗಳಿಗಿಂತ ಮುಖ್ಯವಾದದ್ದು ಅವನ ಭಾವಮೈದುನನದು. ತಂಗಿಯ ಗಂಡ. ಹತ್ತಿ ಬಿಡಿಸುವ ಯಂತ್ರದ ಬಾಯಲ್ಲೇ ಕೆಲಸ, ದಿನವಿಡೀ ಗೊಕ್ಕುಗೊಕ್ಕು ಕೆಮ್ಮು. ತಂಗಿಗೆ ದಿನ ತುಂಬಿತ್ತು. ಪೈಲ್ವಾನ ತನ್ನ ಊಟದಲ್ಲಿ ಅರ್ಧ ಅವಳಿಗೇ ಕಳಿಸುತ್ತಿದ್ದ; ಈಚೆಗೆ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಗಂಡನ ಕೆಲಸ ಹೋದರೆ ಅವಳ ಬಾಣಂತನ ಬೀದಿಯಲ್ಲೇ ಆಗಬೇಕಿತ್ತು.

ಭಾವಮೈದುನನ ಬಿಲ್ಲೆ ಹಿಡಿದು ಹತ್ತನೆಯ ಸಲ ಒಳಗೆ ಹೋದಾಗ ಎಕ್ಸ್‌ರೇಯವನು ಚಿತ್ರವನ್ನೇನೋ ತೆಗೆದ. ಆಮೇಲೆ ಹತ್ತಿರ ಬಂದು, ಮೆಲ್ಲಗೆ ಹೇಳಿದ:

"ನಂಗೂ ಹೆಂಡ್ತಿ ಮಕ್ಕಳಿದಾರೆ. ಇನ್ನೊಂದ್ಸಲ ಈ ಮುಖ ಕಂಡ್ರೆ ಮ್ಯಾನೇಜರಿಗೆ ಹೇಳಲೇಬೇಕಾಗತ್ತೆ."

ಪೈಲ್ವಾನ ಮೂಟೆಗಳ ಹಿಂದೆ ಬಂದು ಕುಸಿದು ಕೂತ. ಜೇಬಿನಲ್ಲಿ ಇನ್ನೂ ಒಂದು ಬಿಲ್ಲೆ ಉಳಿದಿತ್ತು. ಅದು ಅವನದೇ.

ಯಾರೂ ಹೋಗದಿದ್ದರೆ ಕೆಲಸ ಹೋಯಿತೆಂದೇ ಅರ್ಥ. ಕೆಮ್ಮಿಲ್ಲದವರು ಆಗಲೇ ತಮ್ಮ ತಮ್ಮ ಮುಖ ತೋರಿಸಿ ಬಂದಿದ್ದರು. ವ್ಯಾನಿನವನು ನೋಡದಿದ್ದ ಮುಖಗಳೆಲ್ಲ ಕೆಮ್ಮುವವರವೇ.

"ಬಿಲ್ಲೆ ಕೊಡಿ ಭಾವ, ನಾನು ಹೋಗ್ತೀನಿ," ಎಂದ ಭಾವಮೈದುನ.

"ನಿನ್ನ ಎದೆ ತೋರಿಸಿ ನನ್ನ ಕೆಲಸಕ್ಕೆ ಕಲ್ಲು ಹಾಕ್ತೀಯೇನೋ?" ಪೈಲ್ವಾನ ನಕ್ಕ. ನಗು ಮುಗಿದ ಮೇಲೆ ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟ. "ಹೋಗು. ನಾನು ಒಂಟಿ ಪ್ರಾಣಿ, ಎಲ್ಲಾದ್ರೂ ಬದುಕ್ಕೋತೀನಿ. ನಿನ್ನ ಬಿಲ್ಲೆ ಪಾಸಾಯ್ತಲ್ಲ, ತಂಗಿ ತಲೆ ಮೇಲೆ ಸೂರಿರತ್ತೆ, ಅಷ್ಟು ಸಾಕು. ಅವಳಿಗೆ ಏನೂ ಹೇಳ್ಬೇಡ."

ಭಾವಮೈದುನ ಕಣ್ಣೊರೆಸಿಕೊಳ್ಳುತ್ತ ವ್ಯಾನು ಹತ್ತಿದ. ಕುಸ್ತಿಯಲ್ಲಿ ಗೆದ್ದಾಗಲೂ ಪೈಲ್ವಾನನಿಗೆ ಅಷ್ಟು ಸಂತೋಷವಾಗಿರಲಿಲ್ಲ. ಸಂಜೆಯೇ ಟ್ರಂಕಿಗೆ ಬಟ್ಟೆ ತುಂಬಿಟ್ಟ.

ವಾರ ಕಳೆದು ಮ್ಯಾನೇಜರ ಕೋಣೆಯಿಂದ ಕರೆ ಬಂತು. ಪೈಲ್ವಾನ ಎಲ್ಲರಿಗಿಂತ ಮುಂದೆ ಹೋಗಿ ನಿಂತ. ಮ್ಯಾನೇಜರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಒಂದೊಂದೇ ಹೆಸರು ಕೂಗಿದರು. ಕೂಗಿದ್ದು ಹತ್ತು ಜನರನ್ನು. ಹತ್ತನೆಯವನು ಭಾವಮೈದುನ. ಪೈಲ್ವಾನನನ್ನು ಕೂಗಲೇ ಇಲ್ಲ.

"ಸಂಜೆಯೊಳಗೆ ಮನೆ ಖಾಲಿ ಮಾಡಿ. ಎಲ್ಲರಿಗೂ ಒಂದೇ ಜಾಗದಲ್ಲಿ ಕಲೆ! ಒಬ್ಬರಿಗೊಬ್ಬರು ಅಂಟಿಸಿಕೊಂಡು ಕೂತಿದೀರಲ್ರೋ."

ಹತ್ತೂ ಜನ ಪೈಲ್ವಾನನ ಮುಖ ನೋಡಿದರು. ಬಾಯಿ ಮಾತ್ರ ಯಾರೂ ಬಿಡಲಿಲ್ಲ. ಅದು ನನ್ನ ಎದೆಯಲ್ಲ ಎಂದರೆ ಮೋಸ ಒಪ್ಪಿಕೊಂಡಂತೆ. ಮೋಸಕ್ಕೂ ಅದೇ ಗೇಟು. ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹೊರಗೆ ಹೋದರು. ಭಾವಮೈದುನ ಕೊನೆಯವನಾಗಿ ಹೋದ.

"ಸಾರ್, ಅವನ ಹೆಂಡ್ತಿ ನನ್ನ ತಂಗಿ. ತುಂಬು ಬಸುರಿ," ಎಂದ ಪೈಲ್ವಾನ.

ಮ್ಯಾನೇಜರು ಕರುಣೆಯಿಲ್ಲದವರೇನಲ್ಲ. ಕರ್ಚೀಫು ತೆಗೆದು, ಎದ್ದು ಬಂದು, ಅವನ ಭುಜ ತಟ್ಟಿದರು.

"ಹಾಗಾದ್ರೆ ಅವಳನ್ನ ಆ ರೋಗಿಷ್ಟನ ಜತೆ ಕಳಿಸ್ಬೇಡಯ್ಯಾ. ನಿನ್ನ ಕೋಣೇಲೇ ಇಟ್ಕೋ, ನಾನು ಒಪ್ಪಿಗೆ ಕೊಡ್ತೀನಿ. ಮಗು ಹುಟ್ಟಿದ ಮೇಲೂ ಅಷ್ಟೇ, ನಿನ್ನ ಮಗ್ಗುಲಲ್ಲೇ ಮಲಗಿಸ್ಕೋ. ನಿನ್ನಂಥ ಶುದ್ಧವಾದ ಎದೆ ಇಡೀ ಗಿರಣೀಲಿಲ್ಲ."

ಪೈಲ್ವಾನ ಉತ್ತರ ಕೊಡಲು ಬಾಯಿ ತೆರೆದ. ಕೆಮ್ಮು ಬಂತು. ಟವೆಲು ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದ. ಗಾಜಿಗೆ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದರು, ಹಿಂದಿನಿಂದ ಬಿಸಿಲು ಬೀಳುತ್ತಿತ್ತು. ಹತ್ತು ಚಿತ್ರಗಳಲ್ಲೂ ಬಲಗಡೆ ಅದೇ ಬಿಳಿಯ ಕಲೆ. ಕಲೆಯ ಕೆಳಗೆ, ಹತ್ತರಲ್ಲೂ, ಮುರಿದು ಸೊಟ್ಟಗೆ ಕೂಡಿಕೊಂಡ ಒಂದು ಪಕ್ಕೆಲುಬು.

ಪೈಲ್ವಾನನ ಹೆಸರಿದ್ದ ಹನ್ನೊಂದನೆಯ ಚಿತ್ರದಲ್ಲಿ ಮಾತ್ರ ಪಕ್ಕೆಲುಬುಗಳೆಲ್ಲ ನೆಟ್ಟಗಿದ್ದವು.