ಹಾಡದ ಸಭೆ

ಇಂಗ್ಲೆಂಡಿನಿಂದ ಬಳ್ಳಾರಿಗೆ ಬಂದ ಪಾದ್ರಿ ವಿಟ್ಕಂಬ್ ಹನ್ನೊಂದು ವರ್ಷಗಳಲ್ಲಿ ಚರ್ಚಿನ ನಲವತ್ತು ಕನ್ನಡ ಗೀತೆಗಳಿಗೆ ರಾಗ ಕೂಡಿಸಿದರು. ಪ್ರತಿ ಭಾನುವಾರ ಹಾರ್ಮೋನಿಯಂ ನುಡಿಸುತ್ತ ಮೊದಲ ಸಾಲು ಹಾಡಿ, "ಈಗ ನೀವೆಲ್ಲರೂ" ಎಂದು ಸಭೆಯತ್ತ ಕೈ ಬೀಸುತ್ತಿದ್ದರು. ಯಾರೂ ತುಟಿ ಅಲುಗಿಸುತ್ತಿರಲಿಲ್ಲ. ರಾಗ ಸರಳ ಮಾಡಿದರು, ಶ್ರುತಿ ಇಳಿಸಿದರು, ಒಮ್ಮೆ ಪುಸ್ತಕವನ್ನೇ ನೆಲಕ್ಕೆಸೆದು ಗದರಿದರು. ಜನ ತಲೆ ತಗ್ಗಿಸಿದರೇ ಹೊರತು ಹಾಡಲಿಲ್ಲ. ಕೊನೆಯ ಸಾಲಿನವರೆಗೂ ಅವರೊಬ್ಬರೇ ಹಾಡಬೇಕಾಯಿತು.

ಕಡೆಗೆ ಬೇಸತ್ತು, ತಾಯ್ನಾಡಿಗೆ ಮರಳುತ್ತೇನೆಂದು ಮೇಲಿನವರಿಗೆ ಬರೆದರು. ಒಪ್ಪಿಗೆ ಬಂತು. ಬದಲಿ ಪಾದ್ರಿಯೂ ಬಂದಿಳಿದರು. ಹೊರಡುವ ದಿನ ಸಭೆಯ ಹಿರಿಯ ಸಮುವೇಲಪ್ಪ ಗಾಡಿಯ ಬಳಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ.

"ಈಗೇಕೆ ಅಳುತ್ತೀರಿ?" ವಿಟ್ಕಂಬ್ ಸಿಡುಕಿದರು. "ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ನನ್ನ ಜೊತೆ ಹಾಡಿದಿರಾ?"

"ಇಲ್ರಿ."

"ನನ್ನ ರಾಗಗಳು ಅಷ್ಟು ಕೆಟ್ಟದಾಗಿದ್ದವೇ?"

ಸಮುವೇಲಪ್ಪ ಗಾಬರಿಯಿಂದ ಕೈಮುಗಿದ.

"ಏನ್ ಮಾತ್ರೀ ಅಯ್ಯನೋರ! ನಿಮ್ಮ ಹಾಡು ಕೇಳಾಕಂತ ಮಂದಿ ಮೂರು ಹರದಾರಿ ನಡಕೊಂಡು ಬರ್ತಿದ್ರು. ನಾವೂ ಬಾಯಿ ತೆಗದ್ರ ನಿಮ್ಮ ದನಿ ಕೇಳೋದ್ಹೆಂಗ್ರೀ?"