ಪುಟ್ಟ ಕೊಳವೆಯ ಮುಚ್ಚಳ

ಲೋಕದ ಗಮನಕ್ಕೆ ತರಲೇಬೇಕಾದ ಘೋರ ಸಂಗತಿಯೆಂದರೆ, ಅಂಗೈಯಲ್ಲಿ ಅಡಗುವಂಥ ಒಂದು ಪ್ಲಾಸ್ಟಿಕ್ ಮುಚ್ಚಳ ತನ್ನ ಜಾಗದಲ್ಲಿರಲಿಲ್ಲ. ದೊಡ್ಡ ದೂರದರ್ಶಕಕ್ಕೆ ಸೊಸೆ ಸೌರ ಫಿಲ್ಟರ್ ಹಾಕಿ, ಹಿಂದೆ ಕ್ಯಾಮೆರಾ ಕೂರಿಸಿದ್ದಳು. ಗುರಿ ಹಿಡಿಯುವ ಪಕ್ಕದ ಪುಟ್ಟ ಕೊಳವೆಗೆ ಫಿಲ್ಟರ್ ಇಲ್ಲವೆಂದು ಮುಚ್ಚಳ ಬಿಗಿದಿದ್ದಳು. ಅದನ್ನು ಮಾವ ಕಿತ್ತು ಜೇಬಿಗಿಳಿಸಿದ್ದರು.

ಸೂರ್ಯನ ಮುಂದೆ ಕಪ್ಪು ಚುಕ್ಕೆಯಾಗಿ ಹಾದುಹೋಗುತ್ತಿದ್ದ ಶುಕ್ರ ಅಂಚು ಬಿಡಲು ಅರೆನಿಮಿಷವಿತ್ತು. ಮತ್ತೆ ಹೀಗೆ ಅಡ್ಡ ಬರುವುದು ನೂರೈದು ವರ್ಷಕ್ಕೆ. ಅವಳ ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು. ನಿವೃತ್ತ ಸರ್ವೇಯರ್ ಮಾವ, ಗುರಿ ಸರಿಯಿದೆಯೇ ನೋಡೋಣವೆಂದು ಪುಟ್ಟ ಕೊಳವೆಗೆ ಬಗ್ಗಿದರು.

“ಮಾವ, ಕಣ್ಣು ಸುಟ್ಟುಹೋಗುತ್ತೆ!”

“ಮೂವತ್ತು ವರ್ಷ ಊರೆಲ್ಲಾ ಅಳೆದವನಿಗೆ ನೀನು ನೋಡೋದು ಕಲಿಸ್ತೀಯಾ?”

ಅವಳು ಝಾಡಿಸಿ ಒದ್ದಳು, ಮಾವನನ್ನಲ್ಲ, ಮುಕ್ಕಾಲಿಯನ್ನು. ದೂರದರ್ಶಕ ಮಗುಚಿತು.

“ನನ್ನೆದುರಿಗೇ ಕಾಲೆತ್ತುತ್ತೀಯಾ?”

“ಎತ್ತದೇ ಇದ್ದಿದ್ರೆ ನಾಳೆಯಿಂದ ನನ್ನ ಮುಖಾನೂ ಕಾಣ್ತಿರಲಿಲ್ಲ ನಿಮಗೆ!”

“ಅಂಥಾ ನಷ್ಟವೇನೂ ಆಗ್ತಿರಲಿಲ್ಲ!”

ಅಷ್ಟರಲ್ಲಿ ಶುಕ್ರ ದಾಟಿಹೋದ. ಚಿತ್ರ ಬರಲಿಲ್ಲ.