ಕಡಲಹಂದಿಗೆ ತೋರಿಸಿದ ದಾರಿ

ಬಲೆ ಬೀಸುವ ಮೊದಲು ಜಟ್ಟಪ್ಪ ಎಂದಿನಂತೆ, ಕಡಲಹಂದಿಯ ಮಾತನ್ನು ಮನುಷ್ಯರಿಗೂ ಮನುಷ್ಯರ ಮಾತನ್ನು ಅದಕ್ಕೂ ತಿಳಿಸುವ ಮಾತಿನ ಪೆಟ್ಟಿಗೆಯನ್ನು ನೀರಿಗಿಳಿಸಿದ. ಕರಾವಳಿಯಲ್ಲಿ ಉಳಿದಿದ್ದ ಒಂದೇ ಕಡಲಹಂದಿ, ಡಾಲ್ಫಿನ್ನಿನಂಥ ಪ್ರಾಣಿ, ದೋಣಿಯ ಪಕ್ಕದಲ್ಲೇ ಇತ್ತು. ಅದು ಹತ್ತಿರವಿರುವಾಗ ಬಲೆ ಇಳಿಸುವಂತಿಲ್ಲ; ಅದನ್ನು ಉಳಿಸಲೆಂದೇ ಮಾಡಿದ ಕಾನೂನು.

"ಮತ್ತೆ ಬಂತಲ್ಲ ಭಾವ! ಎಂಥದಾದ್ರೂ ಹೇಳಿ ಸಾಗಹಾಕು. ಬಂಗಡೆ ಹಿಂಡು ತಪ್ಪಿ ಹೋಗ್ತದೆ," ಎಂದ ಭಾವಮೈದ ಶನಿಯಾರ.

"ನನ್ನವರನ್ನು ಕಂಡಿರಾ?" ಎಂದಿತು ಪೆಟ್ಟಿಗೆ.

ಹೋದ ವಾರ ಇದೇ ಪ್ರಶ್ನೆಗೆ ಜಟ್ಟಪ್ಪ, "ದಕ್ಷಿಣದ ಬಂದರಿನ ಹತ್ತಿರ ಇದ್ದಾವೆ," ಎಂದು ಸುಳ್ಳು ಹೇಳಿ ಅದನ್ನು ಅಟ್ಟಿದ್ದ.

"ಅಲ್ಲಿಗೆ ಹೋಗಿದ್ದೆ," ಎಂದಿತು ಕಡಲಹಂದಿ. "ಅಲ್ಲಿಯ ದೋಣಿಯವರು, ನನ್ನವರೆಲ್ಲ ನಿಮ್ಮ ಕಡೆಗೇ ಬಂದರು ಅಂದರು. ನಾನು ತಡಮಾಡಿದೆನೇ?"

ಜಟ್ಟಪ್ಪ ತಲೆತಗ್ಗಿಸಿ ಬಲೆ ಮಡಚತೊಡಗಿದ. ಶನಿಯಾರನೂ ಬಲೆಯ ಇನ್ನೊಂದು ತುದಿ ಹಿಡಿದ.